ಜಾಗವೇ ಇಲ್ಲ ಅಂದರೆ ಹಿಗ್ಗುತ್ತಿರುವುದು ಏನು?

ವಿಜ್ಞಾನದ ಸುದ್ದಿ ಓದುವವರಿಗೆ ಈಚೆಗೆ ಎರಡು ಬಗೆಯ ತಲೆಬರಹಗಳು ಪದೇ ಪದೇ ಕಣ್ಣಿಗೆ ಬೀಳುತ್ತಿವೆ. ಒಂದು, ವಿಶ್ವ ಹಿಗ್ಗುತ್ತಿದೆ ಎನ್ನುವುದು. ಗ್ಯಾಲಕ್ಸಿಗಳ ನಡುವಿನ ಜಾಗವೇ ಬೆಳೆಯುತ್ತಿದೆ ಎಂದು ಅಲ್ಲಿ ಬರೆದಿರುತ್ತಾರೆ. ಅರಿಜೋನಾದ ಕಿಟ್ ಪೀಕ್‌ನಿಂದ ನಡೆಯುವ, ಗ್ಯಾಲಕ್ಸಿಗಳ ದೂರ ಅಳೆಯುವ ಡೆಸಿ ಸಮೀಕ್ಷೆಯ ಫಲಿತಾಂಶಗಳು 2024ರ ಏಪ್ರಿಲ್‌ನಲ್ಲಿ, ಮತ್ತೆ 2025ರ ಮಾರ್ಚ್‌ನಲ್ಲಿ ಬಂದಾಗ ಈ ಮಾತು ಜೋರಾಯಿತು. ಹಿಗ್ಗುವಿಕೆಗೆ ವೇಗ ಕೊಡುತ್ತಿರುವ ಡಾರ್ಕ್ ಎನರ್ಜಿ ಕಾಲ ಕಳೆದಂತೆ ಸೊರಗುತ್ತಿರಬಹುದು ಎಂಬ ಸುಳಿವು ಅದರಲ್ಲಿತ್ತು.

ಇನ್ನೊಂದು ತಲೆಬರಹ ಇದಕ್ಕೆ ಪೂರ್ತಿ ಉಲ್ಟಾ. ಜಾಗ ಎನ್ನುವುದು ಪ್ರಕೃತಿಯ ಬುಡದಲ್ಲಿ ಇಲ್ಲವೇ ಇಲ್ಲ, ಅದು ಬೇರೆ ಯಾವುದರಿಂದಲೋ ಮೂಡಿಬಂದದ್ದು ಎಂದು ಹೆಸರಾಂತ ಭೌತವಿಜ್ಞಾನಿಗಳೇ ಹೇಳುತ್ತಿದ್ದಾರಂತೆ. ಎರಡನ್ನೂ ಒಂದೇ ವಾರದಲ್ಲಿ ಓದಿದರೆ ತಲೆ ಕೆಡುವುದು ಸಹಜ ಅಲ್ವಾ? ಇಲ್ಲದ್ದು ಹಿಗ್ಗುವುದು ಹೇಗೆ?

ಕನ್ನಡದಲ್ಲಿ ಓದುವವರಿಗೆ ಇನ್ನೂ ಒಂದು ತೊಡಕಿದೆ. ಪುಸ್ತಕಗಳಲ್ಲಿ ಇದಕ್ಕೆ ‘ದೇಶ’ ಎನ್ನುವ ಪದ ಬಳಸುತ್ತಾರೆ. ‘ದೇಶಕಾಲ ಬಾಗುತ್ತದೆ’ ಎಂದು ಓದಿದವರ ಕಣ್ಣ ಮುಂದೆ ಮೊದಲು ಬರುವುದು ನಾಡು, ಗಡಿ, ಬಾವುಟ. ‘ಆಕಾಶ’ ಅಂದರೆ ತಲೆಯ ಮೇಲೆ ನೀಲಿಯಾಗಿ ಕಾಣುವುದು. ‘ಬಾಹ್ಯಾಕಾಶ’ ಅಂದರೆ ರಾಕೆಟ್ ಹೋಗುವ ಕಡೆ. ‘ಅವಕಾಶ’ ಅಂದರೆ ಈಗೀಗ ಚಾನ್ಸ್. ಹಾಗಾಗಿ ಇಲ್ಲಿ ಸುಮ್ನೆ ‘ಜಾಗ’ ಎಂದೇ ಕರೆಯೋಣ. ವಸ್ತುಗಳು ಇರುವುದು ಎಲ್ಲಿಯೋ, ಅವುಗಳ ನಡುವೆ ದೂರ ಇರುವುದು ಯಾವುದರಲ್ಲೋ, ಅದು.

ಈ ಗೋಜಲನ್ನು ಬಿಡಿಸಲು ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಹೊರಟರೆ ಸಾಕು. ಜಾಗ ಏನಾದರೂ ಕೆಲಸ ಮಾಡುತ್ತದೆಯೇ? ಅದರಿಂದ ಏನಾದರೂ ಆಗುತ್ತದೆಯೇ? ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲದ ಜಗಳದಲ್ಲಿ ಪ್ರತಿ ತಿರುವೂ ಬಂದಿರುವುದು ಈ ಪ್ರಶ್ನೆಗೆ ಉತ್ತರ ಬದಲಾದಾಗಲೇ.

## ಹೊಳೆಯಲ್ಲಿ ನಿಂತ ದೋಣಿ

ಹರಿಯುವ ಹೊಳೆಯಲ್ಲಿ ಒಂದು ದೋಣಿಗೆ ಲಂಗರು ಹಾಕಿ ನಿಲ್ಲಿಸಿದ್ದಾರೆ ಅಂದುಕೊಳ್ಳಿ. ದೋಣಿ ಅಲುಗಿಲ್ಲ. ಆದರೆ ಅದನ್ನು ಸುತ್ತಿಕೊಂಡಿರುವ ನೀರು ಕ್ಷಣಕ್ಷಣವೂ ಬೇರೆ. ದೋಣಿಯ ಜಾಗ ಬದಲಾಯಿತೋ ಇಲ್ಲವೋ?

ಇದು ಅರಿಸ್ಟಾಟಲ್‌ಗೆ ಎದುರಾದ ತೊಡಕು. ಅವನ ಲೆಕ್ಕದಲ್ಲಿ ಒಂದು ವಸ್ತುವಿನ ಜಾಗ ಎಂದರೆ ಅದನ್ನು ಸುತ್ತುವರಿದಿರುವುದರ ಒಳಮೈ. ಹೂಜಿಯೊಳಗಿನ ನೀರಿಗೆ ಹೂಜಿಯ ಒಳಮೈಯೇ ಜಾಗ. ಆದರೆ ಸುತ್ತುವರಿದಿರುವುದೇ ಹರಿಯುತ್ತಿದ್ದರೆ? ಆಗ ಇಡೀ ಹೊಳೆಯನ್ನೇ ದೋಣಿಯ ಜಾಗ ಎನ್ನಬೇಕು, ಏಕೆಂದರೆ ಹೊಳೆ ಒಟ್ಟಾರೆಯಾಗಿ ಎಲ್ಲಿಗೂ ಹೋಗುವುದಿಲ್ಲ ಎಂದ. ಸುತ್ತ ಏನೂ ಇಲ್ಲದ ಖಾಲಿ ಜಾಗ ಎನ್ನುವುದಕ್ಕೆ ಈ ವಾದದಲ್ಲಿ ಅರ್ಥವೇ ಇಲ್ಲ. ಅವನಿಗಿಂತ ಮುಂಚೆ ಡೆಮಾಕ್ರಿಟಸ್ ಅಣುಗಳು ಮತ್ತು ಖಾಲಿ, ಇರುವುದು ಇವೆರಡೇ ಎಂದಿದ್ದ. ಖಾಲಿ ಇಲ್ಲದಿದ್ದರೆ ಅಣುಗಳು ಅಲುಗಾಡಲು ಎಡೆ ಎಲ್ಲಿ? ಅಲ್ಲಿಗೆ ಎರಡು ಬಣಗಳಾದವು.

ಭಾರತದ ದಾರ್ಶನಿಕರು ಇದನ್ನು ಬೇರೆ ರೀತಿಯಲ್ಲಿ ಸೀಳಿದರು, ಮತ್ತು ಆ ಸೀಳು ಇವತ್ತಿಗೂ ತುಂಬಾ ಉಪಯೋಗಕ್ಕೆ ಬರುತ್ತದೆ. ವೈಶೇಷಿಕರ ಒಂಬತ್ತು ದ್ರವ್ಯಗಳ ಪಟ್ಟಿಯಲ್ಲಿ ಆಕಾಶ ಒಂದು, ದಿಕ್ಕು ಇನ್ನೊಂದು. ಆಕಾಶ ಶಬ್ದಕ್ಕೆ ಆಸರೆ. ‘ಇದು ಹತ್ತಿರ, ಅದು ದೂರ’, ‘ಇದು ಮೂಡಣಕ್ಕೆ, ಅದು ಪಡುವಣಕ್ಕೆ’ ಎಂಬ ತಿಳಿವಳಿಕೆಗೆ ಕಾರಣ ದಿಕ್ಕು. ಅಂದರೆ ತುಂಬಿಕೊಂಡಿರುವ ಏನೋ ಒಂದು ಬೇರೆ, ಜೋಡಣೆಯ ಕ್ರಮ ಬೇರೆ. ಜೈನರಿಗೆ ಆಕಾಶದ ಕೆಲಸವೇ ಎಡೆ ಕೊಡುವುದು. ಲೋಕದ ಆಚೆಗೂ ಆಕಾಶ ಇದೆ, ಆದರೆ ಅಲ್ಲಿ ಚಲನೆಗೆ ನೆರವಾಗುವ ‘ಧರ್ಮ’ ಎಂಬ ದ್ರವ್ಯ ಇಲ್ಲದ್ದರಿಂದ ಯಾವುದೂ ಅಲ್ಲಿಗೆ ಹೋಗಲಾರದು ಎಂದರು. ಬೌದ್ಧರೊಳಗೇ ಜಗಳ ಹತ್ತಿತು. ಸರ್ವಾಸ್ತಿವಾದಿಗಳು ಆಕಾಶ ನಿಜವಾಗಿಯೂ ಇರುವಂಥದ್ದು ಎಂದರೆ, ಸೌತ್ರಾಂತಿಕರು ಅದು ತಾಗುವ ವಸ್ತು ಇಲ್ಲದಿರುವುದಕ್ಕೆ ಕೊಟ್ಟ ಹೆಸರು ಅಷ್ಟೇ ಎಂದರು. ‘ಜಾಗ ಎಂಬುದು ಇದೆಯೇ’ ಎನ್ನುವುದು ಕ್ವಾಂಟಂ ಯುಗದಲ್ಲಿ ಹುಟ್ಟಿದ ವಿಚಿತ್ರ ಪ್ರಶ್ನೆಯಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಖಾಲಿಯ ಬಗ್ಗೆ ಮೊದಲ ಗಟ್ಟಿ ಪ್ರಯೋಗ ಬಂದದ್ದು ಬಹಳ ತಡವಾಗಿ. 1643ರ ಸುಮಾರಿಗೆ ಟೊರಿಚೆಲ್ಲಿಯ ಪ್ರಯೋಗದಲ್ಲಿ ಪಾದರಸ ತುಂಬಿದ ಗಾಜಿನ ಕೊಳವೆಯನ್ನು ಬಟ್ಟಲಿನಲ್ಲಿ ಬೋರಲು ಹಾಕಿದಾಗ ಪಾದರಸ ಸುಮಾರು 76 ಸೆಂಟಿಮೀಟರ್‌ಗೆ ಇಳಿದು ನಿಂತಿತು. ಮೇಲೆ ಉಳಿದದ್ದು ಏನು? 1648ರಲ್ಲಿ ಪಾಸ್ಕಲ್‌ನ ಭಾವ ಅದೇ ಕೊಳವೆಯನ್ನು ಬೆಟ್ಟದ ತುದಿಗೆ ಒಯ್ದ. ಪಾದರಸ ಇನ್ನೂ ಇಳಿಯಿತು. ಪ್ರಕೃತಿಗೆ ಖಾಲಿ ಎಂದರೆ ಆಗುವುದಿಲ್ಲ ಎಂಬ ಹಳೆಯ ನಂಬಿಕೆ ಅಲ್ಲಿಗೆ ಸಡಿಲವಾಯಿತು. ಬೆಟ್ಟದ ಬುಡದಲ್ಲಿ ಜಾಸ್ತಿ, ತುದಿಯಲ್ಲಿ ಕಮ್ಮಿ ಅಂತ ಪ್ರಕೃತಿ ಹೆದರುವುದಿಲ್ಲವಲ್ಲ. ಪಾದರಸವನ್ನು ಎತ್ತಿ ಹಿಡಿದದ್ದು ಗಾಳಿಯ ಒತ್ತಡ.

## ತಿರುಗುವ ಬಕೆಟ್

ಇಡೀ ಚರಿತ್ರೆಯಲ್ಲಿ ಒಂದೇ ಒಂದು ಪ್ರಯೋಗವನ್ನು ಹತ್ತಿರದಿಂದ ನೋಡಬೇಕು ಅಂದರೆ ಇದನ್ನು ನೋಡಬೇಕು. ನ್ಯೂಟನ್ 1687ರಲ್ಲಿ ಇದನ್ನು ವಿವರಿಸಿದ. ಬೇಕಾಗುವುದು ಒಂದು ಬಕೆಟ್, ಉದ್ದನೆಯ ಹಗ್ಗ, ನೀರು.

ಬಕೆಟ್ಟನ್ನು ಹಗ್ಗಕ್ಕೆ ತೂಗುಹಾಕಿ, ಹಗ್ಗ ಗಟ್ಟಿಯಾಗಿ ಹುರಿಗೊಳ್ಳುವವರೆಗೆ ತಿರುಚಿ, ನೀರು ತುಂಬಿ, ಬಿಟ್ಟುಬಿಡಿ. ಮೊದಲು ಬಕೆಟ್ ಮಾತ್ರ ಗಿರಗಿರನೆ ತಿರುಗುತ್ತದೆ. ನೀರು ಇನ್ನೂ ನಿಂತೇ ಇದೆ, ಅದರ ಮೇಲ್ಮೈ ಮಟ್ಟಸವಾಗಿದೆ. ಸ್ವಲ್ಪ ಹೊತ್ತಿಗೆ ನೀರೂ ಬಕೆಟ್ಟಿನ ಜೊತೆ ಸುತ್ತಲು ಶುರುಮಾಡುತ್ತದೆ. ಈಗ ನೋಡಿ: ನೀರು ಅಂಚಿನಲ್ಲಿ ಮೇಲೇರಿ ನಡುವೆ ತಗ್ಗಾಗಿದೆ. ಆಮೇಲೆ ಬಕೆಟ್ಟನ್ನು ಥಟ್ಟನೆ ಹಿಡಿದು ನಿಲ್ಲಿಸಿದರೂ ನೀರು ಸುತ್ತುತ್ತಲೇ ಇರುತ್ತದೆ, ತಗ್ಗು ಹಾಗೇ ಇರುತ್ತದೆ.

ಈಗ ಲೆಕ್ಕ ಹಾಕಿ. ನೀರಿಗೂ ಬಕೆಟ್ಟಿಗೂ ನಡುವೆ ಚಲನೆ ಅತಿ ಜಾಸ್ತಿ ಇದ್ದದ್ದು ಮೊದಲಲ್ಲಿ. ಆಗ ತಗ್ಗು ಇರಲಿಲ್ಲ. ಎರಡೂ ಒಟ್ಟಿಗೆ ಸುತ್ತುವಾಗ ಅವುಗಳ ನಡುವೆ ಚಲನೆಯೇ ಇಲ್ಲ. ಆಗ ತಗ್ಗು ಇತ್ತು. ಅಂದಮೇಲೆ ತಗ್ಗಿಗೆ ಕಾರಣ ಬಕೆಟ್ಟಿನ ಎದುರು ನೀರು ತಿರುಗಿದ್ದಲ್ಲ. ಹಾಗಾದರೆ ಯಾವುದರ ಎದುರು? ನ್ಯೂಟನ್‌ನ ಉತ್ತರ: ಜಾಗದ ಎದುರು. ಎಲ್ಲ ವಸ್ತುಗಳನ್ನೂ ತೆಗೆದುಹಾಕಿದರೂ ಉಳಿಯುವ, ಅಲುಗದ, ಬದಲಾಗದ ಜಾಗ. ಅದು ಕಣ್ಣಿಗೆ ಕಾಣದು, ಆದರೆ ನೀರಿನ ತಗ್ಗಿನಲ್ಲಿ ಅದರ ಗುರುತು ಸಿಗುತ್ತದೆ. ಜಾಗ ಏನೋ ಕೆಲಸ ಮಾಡುತ್ತದೆ ಎನ್ನಲು ಸಿಕ್ಕ ಮೊದಲ ಗಟ್ಟಿ ಕಾರಣ ಇದೇ.

ಲೈಬ್ನಿಜ್ ಇದನ್ನು ಒಪ್ಪಲಿಲ್ಲ. 1715–16ರಲ್ಲಿ ನ್ಯೂಟನ್‌ನ ಪರವಾಗಿ ನಿಂತ ಸ್ಯಾಮ್ಯುಯೆಲ್ ಕ್ಲಾರ್ಕ್ ಜೊತೆ ಅವನ ಪತ್ರಜಗಳ ನಡೆಯಿತು. 1716ರ ನವೆಂಬರಿನಲ್ಲಿ ಲೈಬ್ನಿಜ್ ತೀರಿಕೊಂಡಾಗಲೇ ಅದು ನಿಂತದ್ದು. ಅವನ ವಾದದ ತಿರುಳು ಇಷ್ಟು. ಇಡೀ ಜಗತ್ತನ್ನು ಇದ್ದ ಹಾಗೇ ಎತ್ತಿ ಒಂದಷ್ಟು ಪಕ್ಕಕ್ಕೆ ಇಟ್ಟರೆ ಏನು ಬದಲಾಗುತ್ತದೆ? ಎಲ್ಲ ದೂರಗಳೂ ಹಾಗೇ ಇರುತ್ತವೆ, ಯಾವ ಅಳತೆಗೂ ವ್ಯತ್ಯಾಸ ಸಿಗದು. ವ್ಯತ್ಯಾಸವೇ ಇಲ್ಲದ ಎರಡನ್ನು ಎರಡು ಎನ್ನುವುದು ಯಾಕೆ? ಜಾಗ ಅಂದರೆ ಒಟ್ಟಿಗಿರುವ ವಸ್ತುಗಳ ಕ್ರಮ. ಅವನು ಕೊಟ್ಟ ಹೋಲಿಕೆ ವಂಶವೃಕ್ಷದ್ದು. ಅದರಲ್ಲಿ ಅಜ್ಜ, ಮೊಮ್ಮಗ, ದಾಯಾದಿ ಎಂಬ ಸ್ಥಾನಗಳಿವೆ. ಜನರೇ ಇಲ್ಲದೆ ಆ ಸ್ಥಾನಗಳು ಎಲ್ಲೋ ಖಾಲಿಯಾಗಿ ಕಾಯುತ್ತಾ ಇರುವುದಿಲ್ಲ.

ವಾದ ಸೊಗಸಾಗಿದೆ. ಆದರೆ ತಗ್ಗಾದ ನೀರು ಅಲ್ಲೇ ಇದೆ, ಅದಕ್ಕೆ ಲೈಬ್ನಿಜ್ ಬಳಿ ಸರಿಯಾದ ಉತ್ತರ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ. 1883ರಲ್ಲಿ ಅರ್ನ್‌ಸ್ಟ್ ಮಾಖ್ ಆ ಕಡೆಯಿಂದ ಒಂದು ಒಳ್ಳೆಯ ಪಟ್ಟು ಹಾಕಿದ. ನೀರು ತಿರುಗುತ್ತಿರುವುದು ದೂರದ ನಕ್ಷತ್ರಗಳ ಎದುರು ಇರಬಾರದೇಕೆ? ಬಕೆಟ್ಟಿನ ಗೋಡೆ ಹಲವು ಮೈಲಿ ದಪ್ಪವಾಗಿದ್ದರೆ ಪ್ರಯೋಗ ಹೇಗಾಗುತ್ತಿತ್ತು ಎಂದು ಯಾರು ಬಲ್ಲರು? ಈ ಪ್ರಶ್ನೆ ಐನ್‌ಸ್ಟೈನ್‌ನನ್ನು ವರ್ಷಗಟ್ಟಲೆ ಕಾಡಿತು.

## ಎಡಗೈಯ ಗವಸು

ಮೂರನೆಯ ದಾರಿಯೊಂದಿತ್ತು. ಜಾಗ ಹೊರಗಿನ ವಸ್ತುವೂ ಅಲ್ಲ, ವಸ್ತುಗಳ ಸಂಬಂಧವೂ ಅಲ್ಲ, ನಾವು ಕಾಣುವ ಬಗೆ ಎನ್ನುವುದು.

ಒಂದು ಜೊತೆ ಕೈಗವಸು ತೆಗೆದುಕೊಳ್ಳಿ. ಎಡಗವಸಿನ ಬೆರಳುಗಳ ಉದ್ದ, ನಡುವಿನ ಅಂತರ, ಕೋನ, ಎಲ್ಲವೂ ಬಲಗವಸಿನಲ್ಲೂ ಹಾಗೇ ಇವೆ. ಆದರೂ ಒಂದನ್ನು ಇನ್ನೊಂದರ ಜಾಗದಲ್ಲಿ ಕೂರಿಸಲಾಗದು. ಒಳಗಿನ ಸಂಬಂಧಗಳೆಲ್ಲ ಒಂದೇ ಆಗಿದ್ದರೆ ವ್ಯತ್ಯಾಸ ಎಲ್ಲಿಂದ ಬಂತು? ಕಾಂಟ್ 1768ರಲ್ಲಿ ಕೈಗಳ ಉದಾಹರಣೆ ಕೊಟ್ಟೇ ಇದನ್ನು ಕೇಳಿದ. ಜಗತ್ತಿನಲ್ಲಿ ಮೊದಲು ಹುಟ್ಟಿದ್ದು ಒಂದೇ ಒಂದು ಕೈ ಆಗಿದ್ದರೂ ಅದು ಎಡಗೈಯೋ ಬಲಗೈಯೋ ಆಗಿರಲೇಬೇಕು, ಆದ್ದರಿಂದ ಬರೀ ಸಂಬಂಧ ಸಾಲದು ಎಂದ. 1781ರ ಹೊತ್ತಿಗೆ ಅವನ ನಿಲುವು ಬೇರೆಯಾಗಿತ್ತು. ಜಾಗ ನಮ್ಮ ಗ್ರಹಿಕೆಯ ಅಚ್ಚು. ಅನುಭವದಿಂದ ನಾವು ಅದನ್ನು ಕಲಿಯುವುದಿಲ್ಲ, ಅನುಭವ ನಮ್ಮೊಳಗೆ ಬರುವುದೇ ಆ ಅಚ್ಚಿನ ಮೂಲಕ. ಜ್ಯಾಮಿತಿಯ ಸತ್ಯಗಳು ಅಷ್ಟು ಖಚಿತವಾಗಿ ಕಾಣುವುದು ಅದಕ್ಕೇ.

ಈ ನಿಲುವಿಗೆ ಏಟು ಬಿದ್ದದ್ದು ಜ್ಯಾಮಿತಿಯಿಂದಲೇ. ಲೊಬಾಚೆವ್‌ಸ್ಕಿ 1829ರಲ್ಲಿ, ಬೊಲ್ಯಾಯ್ 1832ರಲ್ಲಿ ಯೂಕ್ಲಿಡ್‌ನ ಸಮಾಂತರ ರೇಖೆಗಳ ನಿಯಮ ಬಿಟ್ಟು ಬೇರೆ ಜ್ಯಾಮಿತಿ ಕಟ್ಟಿ ತೋರಿಸಿದರು. 1854ರಲ್ಲಿ ರೀಮಾನ್ ಇನ್ನೂ ಮುಂದೆ ಹೋಗಿ, ಜಾಗದ ಬಾಗು ಒಂದೊಂದು ಕಡೆ ಒಂದೊಂದು ತರಹ ಇರಬಹುದು ಎಂದ. ಇದನ್ನು ಅರ್ಥಮಾಡಿಕೊಳ್ಳಲು ಒಂದು ಚೆಂಡು ಸಾಕು. ಭೂಗೋಳದ ಉತ್ತರ ಧ್ರುವದಿಂದ ಸಮಭಾಜಕದವರೆಗೆ ನೇರ ಇಳಿಯಿರಿ, ಅದರ ಉದ್ದಕ್ಕೂ ಕಾಲು ಸುತ್ತು ನಡೆಯಿರಿ, ಮತ್ತೆ ನೇರ ಧ್ರುವಕ್ಕೆ ಹತ್ತಿರಿ. ಮೂರು ಮೂಲೆಯಲ್ಲೂ 90 ಡಿಗ್ರಿ, ಒಟ್ಟು 270. ಯೂಕ್ಲಿಡ್‌ನ 180 ಎಲ್ಲ ಕಡೆಗೂ ಸಲ್ಲುವುದಿಲ್ಲ. ಹಾಗಾದರೆ ನಿಜವಾದ ಜಾಗದಲ್ಲಿ ಯಾವ ಜ್ಯಾಮಿತಿ? ಅದನ್ನು ಅಳೆದೇ ತಿಳಿಯಬೇಕು. ಅದಕ್ಕೂ ಪೊಯಾಂಕರೆ ಒಂದು ಕೊಕ್ಕೆ ಹಾಕಿದ: ಅಳೆಯುವ ಕೋಲೇ ಒಂದೊಂದು ಕಡೆ ಒಂದೊಂದು ಉದ್ದ ಆಗುತ್ತಿದ್ದರೆ, ಜಾಗ ಬಾಗಿದೆ ಎನ್ನಬೇಕೋ ಕೋಲು ಕುಗ್ಗಿದೆ ಎನ್ನಬೇಕೋ? ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದು ನಮ್ಮ ಅನುಕೂಲದ ಮಾತು ಎಂದ.

ಆದರೂ ಕಾಂಟ್ ಪೂರ್ತಿ ಸೋತ ಎನ್ನುವ ಹಾಗಿಲ್ಲ. 1971ರಲ್ಲಿ ಜಾನ್ ಓಕೀಫ್ ಇಲಿಯ ಮಿದುಳಿನಲ್ಲಿ, ಅದು ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಮಿಡಿಯುವ ಕೋಶಗಳನ್ನು ಕಂಡರು. 2005ರಲ್ಲಿ ಮೇ-ಬ್ರಿಟ್ ಮತ್ತು ಎಡ್ವರ್ಡ್ ಮೋಸರ್ ಅವರ ತಂಡ ನೆಲವನ್ನು ಆರುಮೂಲೆಯ ಜಾಲದ ಹಾಗೆ ಗುರುತಿಸುವ ಕೋಶಗಳನ್ನು ಕಂಡಿತು. 2014ರ ನೊಬೆಲ್ ಈ ಮೂವರಿಗೆ ಸಂದಿತು. ಇಲಿಮರಿ ಗೂಡಿನಿಂದ ಹೊರಗೆ ಕಾಲಿಡುವ ಹೊತ್ತಿಗೇ ದಿಕ್ಕು ತಿಳಿಸುವ ಕೋಶಗಳು ಸಿದ್ಧವಾಗಿರುತ್ತವೆ. ಅಚ್ಚಿನ ಒಂದು ಪಾಲು ಹುಟ್ಟಿನಿಂದಲೇ ಬರುತ್ತದೆ. ಉಳಿದ ಪಾಲಿಗೆ ಭಾಷೆಯ ಕೈವಾಡವೂ ಇದೆ. ಆಸ್ಟ್ರೇಲಿಯಾದ ಗೂಗು ಯಿಮಿಥಿರ್ ಮಾತಾಡುವವರು ‘ನಿನ್ನ ಎಡಕ್ಕೆ’ ಎನ್ನುವ ಕಡೆಯಲ್ಲೂ ‘ಉತ್ತರಕ್ಕೆ’ ಎಂಬಂತೆ ದಿಕ್ಕಿನಲ್ಲೇ ಹೇಳುತ್ತಾರೆ. ನಮ್ಮ ತಲೆಯೊಳಗಿನ ಜಾಗ ಒಂದು ವಿಷಯ, ಹೊರಗಿನದು ಇನ್ನೊಂದು ವಿಷಯ. ಸುದ್ದಿಗಳಲ್ಲಿ ‘ಜಾಗ ಒಂದು ಭ್ರಮೆ’ ಎಂದು ಬರೆಯುವಾಗ ಇವೆರಡೂ ಕಲಸಿಹೋಗುತ್ತವೆ.

## ಜಾಗವೂ ಅಲುಗುತ್ತದೆ

1915ರಲ್ಲಿ ಐನ್‌ಸ್ಟೈನ್ ಹೇಳಿದ್ದರ ಸಾರ ಇದು: ಜಾಗ ಮತ್ತು ಕಾಲ ಸೇರಿ ಒಂದೇ ನೇಯ್ಗೆ, ವಸ್ತು ಅದನ್ನು ಬಾಗಿಸುತ್ತದೆ, ಬಾಗಿದ ನೇಯ್ಗೆ ವಸ್ತುವಿನ ದಾರಿಯನ್ನು ತಿದ್ದುತ್ತದೆ. ನ್ಯೂಟನ್‌ನ ಜಾಗ ಎಲ್ಲದರ ಮೇಲೂ ಪರಿಣಾಮ ಬೀರುತ್ತಿತ್ತು, ಅದರ ಮೇಲೆ ಮಾತ್ರ ಯಾವುದರ ಪರಿಣಾಮವೂ ಇರಲಿಲ್ಲ. ಆ ಏಕಮುಖ ವ್ಯವಹಾರ ಇಲ್ಲಿಗೆ ಮುಗಿಯಿತು. 1919ರ ಮೇ 29ರ ಸೂರ್ಯಗ್ರಹಣದಲ್ಲಿ ನಕ್ಷತ್ರಗಳ ಬೆಳಕು ಸೂರ್ಯನ ಪಕ್ಕ ಬಾಗುವುದನ್ನು ಅಳೆದರು. ಜಿಪಿಎಸ್ ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಇದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿನಷ್ಟು ತಪ್ಪು ಸೇರಿಕೊಳ್ಳುತ್ತದೆ.

ಆದರೆ ಮನಸ್ಸಿಗೆ ನಾಟುವ ಸಾಕ್ಷಿ 2015ರ ಸೆಪ್ಟೆಂಬರ್ 14ರದ್ದು. ಅಮೆರಿಕದ ಲೈಗೋ ಉಪಕರಣದ 4 ಕಿಲೋಮೀಟರ್ ಉದ್ದದ ಎರಡು ತೋಳುಗಳಲ್ಲಿ ಲೇಸರ್ ಬೆಳಕು ಹೋಗಿ ಬರುತ್ತಿತ್ತು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದು ಎದ್ದ ಅಲೆ ಅಲ್ಲಿ ಹಾದುಹೋಯಿತು. ಒಂದು ತೋಳು ಚೂರು ಹಿಗ್ಗಿತು, ಇನ್ನೊಂದು ಚೂರು ಕುಗ್ಗಿತು. ಎಷ್ಟು? ಪ್ರೋಟಾನಿನ ಅಗಲದ ಸಾವಿರದಲ್ಲೊಂದು ಪಾಲಿನ ಆಸುಪಾಸು. ತೋಳುಗಳ ತುದಿಯ ಕನ್ನಡಿಗಳನ್ನು ಯಾರೂ ಮುಟ್ಟಿ ತಳ್ಳಲಿಲ್ಲ. ಅವುಗಳ ನಡುವಿನ ದೂರವೇ ಬದಲಾಯಿತು. ಖಾಲಿ ಜಾಗ ಶಕ್ತಿಯನ್ನು ಹೊತ್ತು ತರಬಲ್ಲದು ಎಂದಮೇಲೆ ಅದು ಬರೀ ಹೆಸರು ಎನ್ನುವುದು ಕಷ್ಟ.

ಹಾಗಂತ ನ್ಯೂಟನ್ ಬಣ ಗೆದ್ದಿತೇ? ಇಲ್ಲ. 1987ರಲ್ಲಿ ಜಾನ್ ಅರ್ಮನ್ ಮತ್ತು ಜಾನ್ ನಾರ್ಟನ್ ಎಂಬ ದಾರ್ಶನಿಕರು ಐನ್‌ಸ್ಟೈನ್‌ನ ಒಂದು ಹಳೆಯ ವಾದವನ್ನು ಮತ್ತೆ ಎತ್ತಿದರು. ಈ ಸಮೀಕರಣಗಳಲ್ಲಿ ಜಾಗದ ಒಂದೊಂದು ಬಿಂದುವಿಗೂ ಅದರದ್ದೇ ಗುರುತು ಇದೆ ಎಂದು ಹಟ ಹಿಡಿದರೆ, ಮುಂದೆ ಏನಾಗುತ್ತದೆ ಎಂದು ಸಿದ್ಧಾಂತ ಹೇಳಲಾರದ ಸ್ಥಿತಿ ಬರುತ್ತದೆ ಎಂದು ತೋರಿಸಿದರು. ಲೈಬ್ನಿಜ್‌ನ ವಾದ ಹೊಸ ಅಂಗಿ ತೊಟ್ಟು ಬಂದ ಹಾಗೆ.

## ಯಾವುದರೊಳಗೆ ಹಿಗ್ಗುತ್ತಿದೆ?

ಈಗ ಮೊದಲ ತಲೆಬರಹಕ್ಕೆ ಬರೋಣ. ವಿಶ್ವ ಹಿಗ್ಗುತ್ತಿದೆ ಎಂದರೆ, ದೂರ ದೂರದ ಗ್ಯಾಲಕ್ಸಿ ಗುಂಪುಗಳ ನಡುವಿನ ದೂರ ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತಿದೆ ಎಂದರ್ಥ. ಅಷ್ಟೇ. ‘ಯಾವುದರೊಳಗೆ’ ಎಂಬ ಪ್ರಶ್ನೆ ಏಳುವುದು ನಾವು ಬಲೂನನ್ನು ಕೋಣೆಯೊಳಗೆ ಊದಿದ ಹಾಗೆ ಕಲ್ಪಿಸಿಕೊಳ್ಳುವುದರಿಂದ. ಕೋಣೆ ಎನ್ನುವುದು ಹಳೆಯ ಪಾತ್ರೆಯ ಕಲ್ಪನೆ. ಒಳಗಿನ ದೂರಗಳು ಹೆಚ್ಚಲು ಹೊರಗೆ ಇನ್ನೊಂದು ಜಾಗ ಬೇಕಾಗಿಲ್ಲ ಎನ್ನುವುದನ್ನು ರೀಮಾನ್‌ನ ಗಣಿತ ಆಗಲೇ ತೋರಿಸಿತ್ತು. ನಮ್ಮ ಮೈ, ಭೂಮಿ, ಗ್ಯಾಲಕ್ಸಿ ಇವು ಹಿಗ್ಗುವುದಿಲ್ಲ, ಏಕೆಂದರೆ ಅಲ್ಲಿ ಗುರುತ್ವ ಮತ್ತು ಅಣುಗಳ ಬಂಧ ಬಿಗಿಯಾಗಿ ಹಿಡಿದಿಟ್ಟಿವೆ.

ವೇಗ ಎಷ್ಟು ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಆದಿಕಾಲದ ಬೆಳಕಿನಿಂದ ಲೆಕ್ಕ ಹಾಕಿದರೆ 32.6 ಲಕ್ಷ ಜ್ಯೋತಿರ್ವರ್ಷಕ್ಕೆ ಸೆಕೆಂಡಿಗೆ ಸುಮಾರು 67 ಕಿಲೋಮೀಟರ್. ಹತ್ತಿರದ ನಕ್ಷತ್ರಗಳ ಮೂಲಕ ಅಳೆದರೆ ಸುಮಾರು 73. ಈ ವ್ಯತ್ಯಾಸ ಅಳತೆಯ ತಪ್ಪೋ, ಜಾಗದ ಬಗ್ಗೆ ನಮ್ಮ ತಿಳಿವಳಿಕೆಯ ತಪ್ಪೋ ಎಂಬುದೇ ಈಗಿನ ಬಿಸಿ ಚರ್ಚೆ.

## ‘ಇಲ್ಲ’ ಅಂದರೆ ಯಾವ ಅರ್ಥದಲ್ಲಿ?

ಎರಡನೆಯ ತಲೆಬರಹ ಹುಟ್ಟಿದ್ದು ಬೇರೆ ತೊಂದರೆಯಿಂದ. ತುಂಬಾ ಚಿಕ್ಕ ಜಾಗವನ್ನು ನೋಡಬೇಕಾದರೆ ತುಂಬಾ ಶಕ್ತಿ ಬೇಕು. ಸುಮಾರು 1.6 × 10⁻³⁵ ಮೀಟರಿಗೆ ಇಳಿದಾಗ, ಬೇಕಾಗುವ ಶಕ್ತಿ ಎಷ್ಟು ಎಂದರೆ ಅದೇ ಒಂದು ಕಪ್ಪುಕುಳಿಯಾಗಿ, ನಾವು ನೋಡಬೇಕೆಂದದ್ದನ್ನೇ ಮುಚ್ಚಿಬಿಡುತ್ತದೆ. ಆ ಗೆರೆಯ ಕೆಳಗೆ ‘ಇಲ್ಲಿ’, ‘ಅಲ್ಲಿ’ ಎಂಬ ಮಾತಿಗೆ ಅರ್ಥ ಉಳಿಯುವುದೇ ಅನುಮಾನ.

ಇದರ ಜೊತೆ 1970ರ ದಶಕದಲ್ಲಿ ಬೆಕೆನ್‌ಸ್ಟೈನ್ ಮತ್ತು ಹಾಕಿಂಗ್ ಒಂದು ವಿಚಿತ್ರವನ್ನು ಕಂಡರು. ಕಪ್ಪುಕುಳಿಯ ಎಂಟ್ರೊಪಿ, ಅಂದರೆ ಒಳಗೆ ಅಡಗಿದ ಮಾಹಿತಿಯ ಅಳತೆ, ಅದರ ಮೇಲ್ಮೈಗೆ ತಕ್ಕಂತೆ ಇದೆ, ಗಾತ್ರಕ್ಕೆ ತಕ್ಕಂತೆ ಅಲ್ಲ. ಪೆಟ್ಟಿಗೆಯಲ್ಲಿ ಎಷ್ಟು ಹಿಡಿಯುತ್ತದೆ ಎಂಬುದನ್ನು ಅದರ ಹೊರಮೈ ನೋಡಿ ಹೇಳಿದ ಹಾಗೆ. 1997ರಲ್ಲಿ ಮಾಲ್ಡಸೆನಾ ಇದಕ್ಕೆ ಗಣಿತದ ಗಟ್ಟಿ ಮಾದರಿ ಕೊಟ್ಟರು. ಒಳಗಿನ ಜಾಗ ಮತ್ತು ಗುರುತ್ವವನ್ನು ಒಂದು ಆಯಾಮ ಕಡಿಮೆ ಇರುವ ಅಂಚಿನ ಕ್ವಾಂಟಂ ಸಿದ್ಧಾಂತವೇ ಪೂರ್ತಿ ವಿವರಿಸುತ್ತದೆ ಎಂದಿತು ಅದು. 2010ರಲ್ಲಿ ಮಾರ್ಕ್ ವಾನ್ ರಾಮ್ಸ್‌ಡಾಂಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಅಂಚಿನ ಎರಡು ಭಾಗಗಳ ನಡುವಿನ ಕ್ವಾಂಟಂ ಹೆಣಿಗೆಯನ್ನು, ಅಂದರೆ ಒಂದರ ಸ್ಥಿತಿಯನ್ನು ಇನ್ನೊಂದರಿಂದ ಬಿಡಿಸಿ ಹೇಳಲಾಗದ ನಂಟನ್ನು, ಬಿಚ್ಚುತ್ತಾ ಹೋದರೆ ಒಳಗಿನ ಜಾಗ ಎಳೆದು ತೆಳ್ಳಗಾಗಿ ಕಡಿದುಹೋಗುತ್ತದೆ. ಅಂದರೆ ಜಾಗವನ್ನು ಹೊಲಿದಿರುವ ದಾರವೇ ಆ ಹೆಣಿಗೆ ಇರಬಹುದು. ಲೂಪ್ ಗುರುತ್ವ ಎಂಬ ಇನ್ನೊಂದು ಕ್ವಾಂಟಂ ಸಿದ್ಧಾಂತದವರು ಬೇರೆ ದಾರಿ ಹಿಡಿದರು. ಅವರ ಪ್ರಕಾರ ವಿಸ್ತೀರ್ಣಕ್ಕೂ ಇದಕ್ಕಿಂತ ಚಿಕ್ಕದಿಲ್ಲ ಎನ್ನುವ ಕಾಳುಗಳಿವೆ.

ಇಲ್ಲಿ ‘ಇಲ್ಲ’ ಎನ್ನುವುದನ್ನು ಬಿಸಿಯ ಉದಾಹರಣೆಯಿಂದ ತಿಳಿಯಬಹುದು. ನೀರಿನ ಒಂದೇ ಒಂದು ಅಣುವಿಗೆ ಬಿಸಿ ಎಂಬುದಿಲ್ಲ. ಕೋಟ್ಯಂತರ ಅಣುಗಳ ಓಡಾಟ ಸೇರಿದಾಗ ಬಿಸಿ ಮೂಡುತ್ತದೆ. ಹಾಗಂತ ಕುದಿಯುವ ನೀರಿಗೆ ಕೈ ಹಾಕಿದರೆ ಸುಡದೆ ಬಿಡುತ್ತದೆಯೇ? ಮೂಡಿಬಂದದ್ದು ಸುಳ್ಳಲ್ಲ. ಜಾಗ ಮೂಡಿಬಂದದ್ದಾದರೂ ಅದು ಹಿಗ್ಗಬಲ್ಲದು, ಬಾಗಬಲ್ಲದು, ಅಲೆಯಾಗಿ ಬರಬಲ್ಲದು. ಎರಡು ತಲೆಬರಹಗಳ ನಡುವೆ ಜಗಳವೇ ಇಲ್ಲ. ಒಂದು ಬಿಸಿಯ ಬಗ್ಗೆ ಮಾತಾಡುತ್ತಿದೆ, ಇನ್ನೊಂದು ಅಣುಗಳ ಬಗ್ಗೆ.

ಒಂದು ಎಚ್ಚರಿಕೆ ಮಾತ್ರ ಬಿಡುವಂತಿಲ್ಲ. ಇದ್ಯಾವುದಕ್ಕೂ ಇನ್ನೂ ಪ್ರಯೋಗದ ಬೆಂಬಲವಿಲ್ಲ. ಮಾಲ್ಡಸೆನಾ ಮಾದರಿ ಚೆನ್ನಾಗಿ ನಡೆಯುವುದು ನಮ್ಮದಲ್ಲದ, ಬೇರೆ ರೀತಿ ಬಾಗಿದ ವಿಶ್ವದಲ್ಲಿ. 2009ರ ಮೇ 10ರಂದು ದೂರದ ಗಾಮಾ ಸಿಡಿತವೊಂದರ ಬೆಳಕು ಫರ್ಮಿ ದೂರದರ್ಶಕಕ್ಕೆ ಬಿತ್ತು. ಜಾಗ ಒರಟು ಕಾಳುಗಳಿಂದಾಗಿದ್ದರೆ ಹೆಚ್ಚು ಶಕ್ತಿಯ ಬೆಳಕು ಕೊಂಚ ಹಿಂದೆ ಬೀಳಬಹುದು ಎಂದು ಕೆಲವರು ಅಂದಾಜಿಸಿದ್ದರು. ನೂರಾರು ಕೋಟಿ ವರ್ಷ ಓಡಿ ಬಂದ ಆ ಬೆಳಕಿನಲ್ಲಿ ಅಂಥ ಹಿನ್ನಡೆಯ ಗುರುತು ಸಿಗಲಿಲ್ಲ. ತೀರಾ ಸರಳವಾದ ಕಾಳಿನ ಮಾದರಿಗಳು ಅದರಿಂದ ಸೊರಗಿದವು.

## ನಿಜವಾದರೆ ಏನಾಗುತ್ತದೆ

ಜಾಗ ಮೂಡಿಬಂದದ್ದು ಎಂದು ಖಚಿತವಾದರೆ ಮೊದಲು ಅಲುಗುವುದು ಕಾರಣದ ಕಲ್ಪನೆ. ಒಂದು ಇನ್ನೊಂದರ ಮೇಲೆ ಪರಿಣಾಮ ಬೀರಬೇಕಾದರೆ ಪಕ್ಕದಲ್ಲಿರಬೇಕು, ಇಲ್ಲವೇ ನಡುವೆ ಏನಾದರೂ ಹಾದುಬರಬೇಕು ಎಂದು ನಾವು ನಂಬಿದ್ದೇವೆ. ಬುಡದಲ್ಲಿ ‘ಪಕ್ಕ’ ಎನ್ನುವುದೇ ಇಲ್ಲದಿದ್ದರೆ ಆ ನಂಬಿಕೆ ಮೇಲ್ಮಟ್ಟದ ರೂಢಿ ಅಷ್ಟೇ ಆಗುತ್ತದೆ.

ಅದಕ್ಕಿಂತ ಆಳದ ಪ್ರಶ್ನೆ ಅರಿವಿನದ್ದು. 2013ರಲ್ಲಿ ನಿಕ್ ಹಗೆಟ್ ಮತ್ತು ಕ್ರಿಶ್ಚಿಯನ್ ವೂತ್ರಿಶ್ ಎಂಬ ದಾರ್ಶನಿಕರು ಇದನ್ನು ವಿವರವಾಗಿ ಚರ್ಚಿಸಿದರು. ಯಾವ ಸಿದ್ಧಾಂತಕ್ಕೂ ಸಾಕ್ಷಿ ಎಂದರೆ ಕೊನೆಗೆ ಒಂದು ಮುಳ್ಳು ಒಂದು ಗೆರೆಯ ಮೇಲೆ ನಿಂತದ್ದು, ಒಂದು ಚುಕ್ಕೆ ಪರದೆಯ ಒಂದು ಮೂಲೆಯಲ್ಲಿ ಬಿದ್ದದ್ದು. ಎಲ್ಲ ಸಾಕ್ಷಿಯೂ ಒಂದು ಜಾಗದಲ್ಲಿ, ಒಂದು ಹೊತ್ತಿನಲ್ಲಿ ಸಿಗುತ್ತದೆ. ಜಾಗವೇ ಇಲ್ಲ ಎನ್ನುವ ಸಿದ್ಧಾಂತ ತನ್ನ ಸಾಕ್ಷಿಯನ್ನೇ ಅಳಿಸಿಹಾಕಿದಂತೆ ಆಗುವುದಿಲ್ಲವೇ? ಆಗಬೇಕಿಲ್ಲ ಎನ್ನುತ್ತಾರೆ ಅವರು, ಆದರೆ ಒಂದು ಷರತ್ತಿದೆ. ಜಾಗವಿಲ್ಲದ ಬುಡದಿಂದ ಹೊರಟು ಆ ಮುಳ್ಳು ನಿಂತ ಗೆರೆಯವರೆಗೆ ಬರುವ ದಾರಿಯನ್ನು ಸಿದ್ಧಾಂತವೇ ತೋರಿಸಿಕೊಡಬೇಕು. ನನ್ನ ಮಟ್ಟಿಗೆ ಈಗಿನ ಸಿದ್ಧಾಂತಗಳನ್ನು ತೂಗಲು ಇದಕ್ಕಿಂತ ಒಳ್ಳೆಯ ತಕ್ಕಡಿ ಇಲ್ಲ.

ಪ್ರಯೋಗದ ಕಡೆಯಿಂದ ಒಂದು ಬಾಗಿಲು 2017ರಲ್ಲಿ ತೆರೆಯಿತು. ಎರಡು ತಂಡಗಳು ಬೇರೆಬೇರೆಯಾಗಿ ಒಂದೇ ಸಲಹೆ ಮುಂದಿಟ್ಟವು. ಎರಡು ಪುಟ್ಟ ಹರಳುಗಳನ್ನು ಅಕ್ಕಪಕ್ಕ ಇಡಬೇಕು. ಪ್ರತಿಯೊಂದೂ ಕ್ವಾಂಟಂ ರೀತಿಯಲ್ಲಿ ಒಟ್ಟಿಗೇ ಎರಡು ಜಾಗದಲ್ಲಿ ಇರುವಂತೆ ಮಾಡಬೇಕು. ಅವುಗಳ ನಡುವೆ ಗುರುತ್ವ ಬಿಟ್ಟು ಬೇರೇನೂ ಹಾಯದಂತೆ ನೋಡಿಕೊಳ್ಳಬೇಕು. ಅಷ್ಟಾದ ಮೇಲೂ ಅವು ಒಂದಕ್ಕೊಂದು ಹೆಣೆದುಕೊಂಡರೆ, ಗುರುತ್ವವೂ, ಅಂದರೆ ಜಾಗದ ಬಾಗೂ, ಕ್ವಾಂಟಂ ಸ್ವಭಾವದ್ದೇ ಎನ್ನಬಹುದು ಎಂಬುದು ಅವರ ವಾದ. ಅದಕ್ಕೆ ಬೇಕಾದ ಹರಳಿನ ತೂಕ ಒಂದು ಕಿಲೋಗ್ರಾಂನ ಕೋಟಿ ಕೋಟಿಯಲ್ಲೊಂದು ಪಾಲಿನಿಂದ ಲಕ್ಷ ಕೋಟಿಯಲ್ಲೊಂದು ಪಾಲಿನ ನಡುವೆ ಎಲ್ಲೋ ಬರುತ್ತದೆ. ಕೇಳಲು ಚಿಕ್ಕದು. ಆದರೆ 2019ರಲ್ಲಿ ಪ್ರಯೋಗಾಲಯದಲ್ಲಿ ಹೀಗೆ ಎರಡು ಜಾಗದಲ್ಲಿ ಇರಿಸಿದ ದೊಡ್ಡ ಅಣುಗಳ ತೂಕ ಹೈಡ್ರೋಜನ್ ಪರಮಾಣುವಿನ ಸುಮಾರು 25 ಸಾವಿರ ಪಟ್ಟು ಮಾತ್ರ. ಹರಳು ಅದಕ್ಕಿಂತ ಕೋಟಿಗಟ್ಟಲೆ ಪಟ್ಟು ಭಾರ. ಅಷ್ಟು ಭಾರದ ಹರಳನ್ನು ಒಂದು ಗಾಳಿಯ ಕಣವೂ ತಾಗದಂತೆ, ಎರಡು ಜಾಗದಲ್ಲಿ, ಒಂದೆರಡು ಸೆಕೆಂಡು ಹಿಡಿದಿಡುವುದು ಹೇಗೆ ಎಂಬ ಕೆಲಸದಲ್ಲಿ ಪ್ರಯೋಗಾಲಯಗಳು ಈಗ ತೊಡಗಿವೆ.